ನಾಲ್ಕನೇ ಕ್ಲಾಸಲ್ಲಿ ಕನ್ನಡಕ್ಕೆ ಎ ಗ್ರೇಡು, ಆದ್ರೆ ಹಾಲಿನ ಡೈರಿ ನೋಟೀಸ್ ಓದಕ್ಕೆ ಬರಲ್ಲ. ಇದೆಂಥಾ ಮೌಲ್ಯಮಾಪನ?

ಸಂಜೆಮಲ್ಲಿಗೆ:
ಇಲ್ಲಿ ಪ್ರೈಮರಿ ಮೇಷ್ಟ್ರು, ಮಿಸ್‌ಗಳು ಸುಮಾರು ಜನ ಇದೀರಾ ಅಂತ ಕೇಳ್ತಿದೀನಿ. ನಮ್ಮಕ್ಕನ ಮಗ ನಾಲ್ಕನೇ ಕ್ಲಾಸು, ಹಾಸನದ ಕಡೆ ಒಂದು ಸರ್ಕಾರಿ ಶಾಲೆ. ಎಸ್‌ಎ-1 (ಅರ್ಧ ವರ್ಷದ ಪರೀಕ್ಷೆ) ಆದ್ಮೇಲೆ ಕೊಟ್ಟ ಕಾರ್ಡಲ್ಲಿ ಕನ್ನಡಕ್ಕೆ ಎ ಇದೆ. ಪುಸ್ತಕ ಕೈಗೆ ಕೊಟ್ರೆ ಪಾಠ ಗಡಗಡ ಅಂತ ಒಪ್ಪಿಸ್ತಾನೆ, ಬೆರಳಿಟ್ಕೊಂಡೇ ಓದ್ತಾನೆ, ಮನೇಲೆಲ್ಲಾ ಖುಷಿ. ಮೊನ್ನೆ ಡೈರಿ ಗೋಡೆ ಮೇಲೆ ಅಂಟಿಸಿದ್ದ ನೋಟೀಸ್ ಓದೋ ಅಂದ್ರೆ ‘ಹಾಲು’ ಅಂತ ಓದ್ದ, ‘ಉತ್ಪಾದಕರು’ ಬಿಡಿ ಅದು ಕಷ್ಟ, ‘ನಾಳೆ ಬೆಳಗ್ಗೆ’ ಅನ್ನೋದಕ್ಕೇ ನಿಂತ್ಬಿಟ್ಟ. ಆಮೇಲೆ ಮನೆಗೆ ಬಂದು ಪುಸ್ತಕ ತೆಗೆಸಿ ಬೆರಳು ನೋಡ್ತೀನಿ, ಬೆರಳು ಎರಡನೇ ಸಾಲಲ್ಲಿದೆ ಬಾಯಿ ನಾಲ್ಕನೇ ಸಾಲಿಗೆ ಹೋಗಿದೆ! ಅಂದ್ರೆ ಪೂರ್ತಿ ಬಾಯಿಪಾಠ. ನಾನು ಶಾಲೆನ ಬೈಯಕ್ಕೆ ಬಂದಿಲ್ಲ, ಆ ಮಿಸ್ ಒಳ್ಳೆಯವರೇ. ಆದ್ರೆ ಈ ಎ ಅನ್ನೋದು ಏನನ್ನ ಅಳೀತಿದೆ ಅಂತ ಯಾರಾದ್ರೂ ಬಿಡಿಸಿ ಹೇಳ್ತೀರಾ?

ನಲಿಕಲಿಮಿಸ್:
ಮಂಡ್ಯ ಕಡೆ, ಒಂದರಿಂದ ಮೂರು ನಲಿ-ಕಲಿ ನನ್ನದೇ, ಅಂದ್ರೆ ಮೂರೂ ಕ್ಲಾಸಿನ ಮಕ್ಕಳನ್ನ ಒಟ್ಟಿಗೆ ಕೂರಿಸಿ ಕಾರ್ಡು, ಚಟುವಟಿಕೆಲಿ ಕಲಿಸೋದು. ಎ ಅಂದ್ರೆ 70ರಿಂದ 89. ವರ್ಷದಲ್ಲಿ ನಾಲ್ಕು ಎಫ್‌ಎ (ಕಲಿಸ್ತಾ ಕಲಿಸ್ತಾ ನಡುವೆ ಮಾಡೋದು), ಎರಡು ಎಸ್‌ಎ (ಅವಧಿ ಕೊನೇಲಿ ಮಾಡೋದು). ಎಫ್‌ಎ ಒಂದೊಂದಕ್ಕೆ 15, ಎಸ್‌ಎ ಒಂದೊಂದಕ್ಕೆ 20, ಅಲ್ಲಿಗೆ ನೂರು. ಎಫ್‌ಎಯಲ್ಲಿ ಚಟುವಟಿಕೆ, ಹಾಡು, ಅಭಿನಯ, ಚಿತ್ರ ನೋಡಿ ಹೇಳೋದು, ಸಣ್ಣ ಟೆಸ್ಟು ಎಲ್ಲಾ ಸೇರ್ಕೊಳುತ್ತೆ. ಎಸ್‌ಎ ಪೇಪರಲ್ಲಿ ಪ್ರಶ್ನೆ ಬರೋದು ಓದಿಸಿದ ಪಾಠದಿಂದಲೇ. ಹಿಂಗಾಗಿ ನಿಮ್ಮ ಹುಡುಗ ಬುದ್ಧಿವಂತ, ನೆನಪು ಚೆನ್ನಾಗಿದೆ, ಪದ್ಯ ಚೆನ್ನಾಗಿ ಹೇಳ್ತಾನೆ, ಬೋರ್ಡಿಂದ ನೀಟಾಗಿ ನೋಡ್ಕೊಂಡು ಬರೀತಾನೆ ಅಂದ್ರೆ ಎ ಬಂದೇ ಬರುತ್ತೆ. ಅದು ಸುಳ್ಳು ಗ್ರೇಡ್ ಅಲ್ಲ, ಆದ್ರೆ ‘ಹೊಸ ಸಾಲು ಕೊಟ್ರೆ ಓದ್ತಾನಾ’ ಅನ್ನೋ ಪ್ರಶ್ನೆನ ಯಾರೂ ಕೇಳೇ ಇಲ್ಲ ಅಷ್ಟೇ.

ಮನೇಲೇ ನೋಡೋದಾದ್ರೆ, ಪಾಠದ ಕೊನೇ ವಾಕ್ಯದಿಂದ ಹಿಂದಕ್ಕೆ ಓದ್ಸಿ. ಅಥವಾ ಅದೇ ಪಾಠದ ಪದಗಳನ್ನೇ ಎತ್ಕೊಂಡು ಬೇರೆ ವಾಕ್ಯ ಮಾಡಿ ಚೀಟೀಲಿ ಬರ್ದು ಕೊಡಿ. ಬಾಯಿಪಾಠದ ಮಕ್ಕಳು ಅಲ್ಲೇ ಸಿಕ್ಕಿ ಬೀಳ್ತಾರೆ. ಸಿಕ್ಕಿ ಬೀಳ್ತಾರೆ ಅಂದಾಗ ಬೈಯಕ್ಕೆ ಹೋಗ್ಬೇಡಿ ಮತ್ತೆ, ಪಾಪ ಅವನು ಅಷ್ಟು ದಿನ ಮರ್ಯಾದೆ ಉಳಿಸ್ಕೊಂಡು ಬಂದಿರೋದೇ ದೊಡ್ಡದು.

ಹಳೇಚಾಕ್‌ಪೀಸ್:
ನಾನು ರಿಟೈರ್ಡ್ ಎಚ್ಚೆಮ್. ಇದಕ್ಕೆಲ್ಲ ಕಾರಣ ಪಾಸು-ಫೇಲು ತೆಗೆದಿದ್ದು. ನಮ್ಮ ಕಾಲದಲ್ಲಿ ಏಳನೇ ಕ್ಲಾಸ್ ಪಬ್ಲಿಕ್ ಪರೀಕ್ಷೆ ಅಂದ್ರೆ ಮಕ್ಕಳಿಗೂ ಭಯ, ಮೇಷ್ಟ್ರಿಗೂ ಭಯ. 2023ರಲ್ಲಿ ಐದು ಮತ್ತು ಎಂಟಕ್ಕೆ ಪರೀಕ್ಷೆ ಮಾಡಿದ್ರು, ಕೋರ್ಟು ಕಚೇರಿ ಅಂತ ಎಳೆದಾಡಿದ್ರು, 2024ರಲ್ಲಿ ಮತ್ತೆ ಬರೆಸಿದ್ಮೇಲೆ ಸುಪ್ರೀಂ ಕೋರ್ಟು ಫಲಿತಾಂಶಕ್ಕೇ ತಡೆ ಕೊಡ್ತು. ಮಕ್ಕಳು ಬರೆದದ್ದು ಏನಾಯ್ತು? ಸ್ವಲ್ಪ ಬಿಗಿ ಇರ್ಬೇಕು ಕಣ್ರೀ.

ಕಡಲಬದಿ:
ಹಳೇಚಾಕ್‌ಪೀಸ್ ಸರ್, ನಿಮ್ಮ ಮೇಲೆ ಗೌರವ ಉಂಟು, ಆದ್ರೆ ಐದನೇ ಕ್ಲಾಸಿನ ಕೊನೆಗೆ ಪರೀಕ್ಷೆ ಮಾಡಿ ಮಗುವಿಗೆ ಓದ್ಲಿಕ್ಕೆ ಬರುದಿಲ್ಲ ಅಂತ ಕಂಡುಹಿಡಿದು ಎಂತ ಪ್ರಯೋಜನ ಮಾರಾಯ್ರೆ? ಅದು ಎರಡನೇ ಕ್ಲಾಸಿನ ದೀಪಾವಳಿ ರಜೆಗೆ ಮೊದ್ಲೇ ಟೀಚರಿಗೆ ಗೊತ್ತಿರ್ತದೆ. ಫೇಲ್ ಮಾಡಿದ್ರೆ ಅದೇ ಕ್ಲಾಸಿನಲ್ಲಿ ಅದೇ ಪಾಠ ಇನ್ನೊಂದು ವರ್ಷ ಬಾಯಿಪಾಠ ಮಾಡ್ತಾನೆ, ಅಷ್ಟೆ.

ಪೇಡೆನಗರಿ:
ನಾ ಧಾರವಾಡ ಜಿಲ್ಲಾದಾಂವ. ಮಿಸ್ ಹೇಳಿದ್ದು ಖರೇ ಐತಿ, ಆದ್ರ ಒಂದ್ ಮಾತ ಹೇಳ್ತೀನಿ ಸಿಟ್ಟಾಗಬ್ಯಾಡ್ರಿ. ಒಬ್ಬೊಬ್ಬ ಹುಡುಗನ್ನ ಬಾಜೂಕ ಕುಂದ್ರಿಸ್ಕೊಂಡು ಓದಿಸಿ ನೋಡೂದು ಅಂದ್ರ ಒಬ್ಬಾವಗ ಐದ್ ನಿಮಿಷ ಹಿಡೀರಿ, ನಮ್ಮ ಸಾಲ್ಯಾಗ ನಾಕ್ನೇತ್ತಾ ಐದ್ನೇತ್ತಾ ಕೂಡೇ ಕುಂದರ್ತಾವ, ಒಬ್ಬಾವನ್ನ ಓದ್ಸೂದ್ರಾಗ ಉಳದಾವ್ರು ಕಿಟಕ್ಯಾಗಿಂದ ಹೊರಗ ಹೋಗಿರ್ತಾವ. ಇದರ ಮ್ಯಾಲ ಎಫ್‌ಎ ಬಂತಂದ್ರ ದಾಖಲೆ ಬರ್ಯೂದ ಒಂದ್ ವಾರದ ಕೆಲ್ಸ. ಕೃತಿ ಸಂಪುಟ (ಹುಡುಗೂರು ಮಾಡಿದ್ದ ಕೆಲ್ಸದ ಕಟ್ಟು), ಅಂಕವಹಿ, ಆಮ್ಯಾಲ ಸ್ಯಾಟ್ಸ್ ಅಂದ್ರ ಇಲಾಖೆ ಆನ್‌ಲೈನ್ ದಾಖಲೆ, ಅದರಾಗ ಎಂಟ್ರಿ. ನೆಟ್ ಇಲ್ಲಾ ಅಂತ ಮಾಳಗಿ ಮ್ಯಾಲ ನಿಂತು ಮೊಬೈಲ್ ಎತ್ತಿ ಹಿಡಿದು ಎಂಟ್ರಿ ಮಾಡೀವ್ರಿ ನಾವು. ಈಗ ಪಾಠ ಪಾಠಕ್ಕೂ ಮೌಲ್ಯಾಂಕನ ಅಂತ ಎಲ್‌ಬಿಎ ಬ್ಯಾರೆ. ಅಳತಿ ಮಾಡೂದ್ರಾಗ ಕಲಸೂದ ಮರತೈತಿ.

ಅನಾಮಿಕ (ಸಿಆರ್‌ಪಿ):
ಹೆಸರು ಹಾಕಲ್ಲ, ಅರ್ಥ ಮಾಡ್ಕೊಳಿ. ಸಿಆರ್‌ಪಿ ಅಂದ್ರೆ ಸುತ್ತಮುತ್ತಲ ಒಂದಷ್ಟು ಶಾಲೆಗಳನ್ನ (ಕ್ಲಸ್ಟರ್) ನೋಡ್ಕೊಳೋರು, ಆ ಕ್ಲಸ್ಟರಲ್ಲಿ ನಾನು ನೋಡಿದ್ದು ಹೇಳ್ತೀನಿ. ಸಿ ಗ್ರೇಡ್ ಹಾಕಿದ್ರೆ ಏನಾಗುತ್ತೆ? ಪರಿಹಾರ ಬೋಧನೆ ದಾಖಲೆ ಬೇರೆ ಇಡ್ಬೇಕು, ಮೀಟಿಂಗಲ್ಲಿ ‘ನಿಮ್ಮ ಶಾಲೇಲೇ ಯಾಕೆ ಇಷ್ಟು ಸಿ’ ಅಂತ ನಿಲ್ಲಿಸಿ ಕೇಳ್ತಾರೆ, ಪಕ್ಕದ ಶಾಲೆಯವರು ಎಲ್ಲಾರಿಗೂ ಬಿ+ ಹಾಕಿ ಸುಮ್ನೆ ಚಾ ಕುಡೀತಿರ್ತಾರೆ. ಹಿಂಗಿರುವಾಗ ನಿಜ ಬರೆಯೋ ಮೇಷ್ಟ್ರೇ ತಪ್ಪಿತಸ್ಥ ಆಗೋದು. ಜೂನಲ್ಲಿ ಸೇತುಬಂಧ (ಹಿಂದಿನ ಕ್ಲಾಸಿನದ್ದು ಮತ್ತೆ ಕಲಿಸೋದು) ಮಾಡ್ತೀವಲ್ಲ, ಶುರುವಿನ ಪೂರ್ವ ಪರೀಕ್ಷೆಲಿ ಎಲ್ಲಾರೂ ಕಡಿಮೆ, ಕೊನೇ ಸಾಫಲ್ಯ ಪರೀಕ್ಷೆಲಿ ಎಲ್ಲಾರೂ ಜಾಸ್ತಿ. ಎರಡು ವಾರದಲ್ಲಿ ಅಂಥಾ ಪವಾಡ ಎಲ್ಲಾ ಶಾಲೇಲೂ ಆಗುತ್ತಾ? ಎಲ್ಲಾರಿಗೂ ಗೊತ್ತು, ಯಾರೂ ಮಾತಾಡಲ್ಲ.

ಸಂಜೆಮಲ್ಲಿಗೆ:
ಅಯ್ಯೋ ಇದು ನಾನು ಅಂದ್ಕೊಂಡಿದ್ದಕ್ಕಿಂತ ಆಳ ಇದೆ.

ಸರ್ವೇಹುಡುಗ:
ನಾನು ಕಾಲೇಜಲ್ಲಿದ್ದಾಗ ಅಸರ್ ಸರ್ವೇಗೆ (ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರುತ್ತೆ ಅಂತ ನೋಡೋ ಸರ್ವೇ) ವಾಲಂಟಿಯರ್ ಆಗಿ ಹೋಗಿದ್ದೆ, ಅದ್ರ ರೀತಿ ಹೇಳ್ತೀನಿ ಯಾಕಂದ್ರೆ ಯಾರು ಬೇಕಾದ್ರೂ ಮಾಡ್ಬಹುದು. 2005ರಿಂದ ನಡೀತಿದೆ, ಹಳ್ಳಿಗಳಲ್ಲಿ, ಶಾಲೆಗೆ ಹೋಗಲ್ಲ ಮನೆಗೇ ಹೋಗಿ ಮಗುನ ಓದಿಸ್ತಾರೆ. ಇರೋದು ಒಂದೇ ಹಾಳೆ. ಅದರಲ್ಲಿ ಅಕ್ಷರ, ಪದ, ಒಂದನೇ ಕ್ಲಾಸ್ ಮಟ್ಟದ ನಾಲ್ಕು ಸಾಲಿನ ಪ್ಯಾರ, ಎರಡನೇ ಕ್ಲಾಸ್ ಮಟ್ಟದ ಸಣ್ಣ ಕತೆ. ಮೊದ್ಲು ಪ್ಯಾರ ಕೊಡ್ತೀವಿ. ಓದಿದ್ರೆ ಕತೆಗೆ ಹೋಗು, ತಡವರಿಸಿದ್ರೆ ಕೆಳಗೆ ಪದಕ್ಕೆ ಬಾ. ಐದು ಪದದಲ್ಲಿ ನಾಲ್ಕು ಸರಿ ಇದ್ರೆ ಆ ಮಗು ಪದದ ಮಟ್ಟ, ಇಲ್ಲಾಂದ್ರೆ ಅಕ್ಷರ, ಅದೂ ಆಗ್ಲಿಲ್ಲ ಅಂದ್ರೆ ಆರಂಭ. ಪ್ಯಾರದಲ್ಲಿ ಮೂರು ತಪ್ಪಿನವರೆಗೆ ಓಕೆ, ಆದ್ರೆ ಒಂದೊಂದೇ ಪದ ಬಿಡಿಬಿಡಿಯಾಗಿ ಹೇಳ್ದಂಗಿರಬಾರದು, ವಾಕ್ಯದ ಥರ ಬರ್ಬೇಕು. ಒಂದು ಮಗುಗೆ ಹೆಚ್ಚಂದ್ರೆ ಐದು ನಿಮಿಷ.

ದೇಶದ ಲೆಕ್ಕದಲ್ಲಿ ಮೂರನೇ ಕ್ಲಾಸಿನ ಮಕ್ಕಳಲ್ಲಿ ಎರಡನೇ ಕ್ಲಾಸ್ ಕತೆ ಓದೋರು 2018ರಲ್ಲಿ ಶೇ 27.3 ಇದ್ರು, ಕೊರೋನಾ ಆದ್ಮೇಲೆ 2022ರಲ್ಲಿ 20.5ಕ್ಕೆ ಬಿತ್ತು, 2024ರಲ್ಲಿ 27.1ಕ್ಕೆ ವಾಪಸ್ ಬಂತು. ‘ಸುಧಾರಿಸ್ತು’ ಅಂತ ಪೇಪರಲ್ಲಿ ಬಂತು, ಆದ್ರೆ ನೋಡಿ, ನಾಲ್ಕರಲ್ಲಿ ಮೂರು ಮಕ್ಕಳು ಇನ್ನೂ ಓದಲ್ಲ ಅಂತಲೇ ಅರ್ಥ ಅದು.

ಪೇಡೆನಗರಿ:
ಅಸರ್‌ನಾಗ ಬರವಣಿಗಿ ಎಲ್ಲೈತಿ? ಓದು, ಲೆಕ್ಕ ಅಷ್ಟ. ನಮ್ಮ ಹುಡುಗೂರು ಓದ್ತಾವ, ಬರೀ ಅಂದ್ರ ಪೆನ್ಸಿಲ್ ಕಡೀತಾವ.

ತೊಗರಿಕಣಜ:
ಕಲಬುರಗಿ ಕಡಿಂದ್ರೀ. ನಂದು ಬ್ಯಾರೇ ತ್ರಾಸ ಐತಿ. ತಾಂಡಾದ ಮಕ್ಕಳು ಅದಾವ್ರಿ ನಮ್ಮಲ್ಲಿ, ಮನ್ಯಾಗ ಲಂಬಾಣಿ. ಒಬ್ಬಾಕಿ ಹುಡುಗಿ ಪಟಪಟ ಓದ್ತಾಳ್ರಿ, ಒಂದ್ ತಪ್ಪಿಲ್ಲ, ಒತ್ತಕ್ಷರ ಸೈತ ಬರ್ತಾವ. ಏನ್ ಓದ್ದಿವಾ ಹೇಳು ಅಂದ್ರ ಸುಮ್ಮ್ ನಿಂದರ್ತಾಳ. ಇನ್ನೊಬ್ಬಾವ ಅಕ್ಷರ ಕೂಡಿಸಿ ಕೂಡಿಸಿ ಓದ್ತಾನ, ಆದ್ರ ಕತಿ ಪೂರಾ ತಿಳದಿರ್ತದ, ಚಿತ್ರದಾಗಿನ ರೊಟ್ಟಿ ತೋರ್ಸಿ ಏನಿದು ಅಂದ್ರ ‘ಬಾಟಿ’ ಅಂತಾನ, ಅಂದ್ರ ಅವನ್ಗ ಗೊತ್ತೈತಿ, ನಮ್ಮ ಮಾತ್ನ್ಯಾಗ ಬರಂಗಿಲ್ಲ ಅಷ್ಟ. ಈಗ ಹೇಳ್ರಿ, ಯಾರಿಗಿ ಎ ಹಾಕ್ಲಿ ಯಾರಿಗಿ ಬಿ ಹಾಕ್ಲಿ? ಸಾಹೇಬ್ರು ಬಂದು ಗಡಿಯಾರ ಹಿಡ್ಕೊಂಡು ಓದ್ಸಿದ್ರ ಹುಡುಗಿ ಪಾಸ್, ಹುಡುಗ ನಪಾಸ್.

ಕಡಲಬದಿ:
ಗಡಿಯಾರದ್ದು ಒಳ್ಳೆ ಪಾಯಿಂಟ್ ಹೇಳಿದ್ರಿ. 2021ರಲ್ಲಿ ಬಂದ ಕೇಂದ್ರದ ನಿಪುಣ್ ಭಾರತ ಯೋಜನೆಯಲ್ಲಿ ಎರಡನೇ ಕ್ಲಾಸಿಗೆ ನಿಮಿಷಕ್ಕೆ 45ರಿಂದ 60 ಪದ, ಮೂರನೇದಕ್ಕೆ ಕಡಿಮೆ ಅಂದ್ರೆ 60 ಪದ ಅಂತ ಗುರಿ ಹಾಕಿದ್ದಾರೆ. ಅರ್ಥ ತಿಳ್ಕೊಂಡು ಓದ್ಬೇಕು ಅಂತಲೂ ಅದ್ರಲ್ಲೇ ಉಂಟು, ಆ ಭಾಗ ಯಾರಿಗೂ ನೆನಪಿಲ್ಲ. ಹಿಂದಿಯಲ್ಲಿ ‘ಘರ್ ಮೇ ಹೈ’ ಅಂದ್ರೆ ಮೂರು ಪದ ಆಯ್ತು. ನಮ್ಮಲ್ಲಿ ‘ಮನೆಯಲ್ಲಿದೆ’ ಒಂದೇ ಪದ. ‘ಹೋಗುತ್ತಿದ್ದವರೆಲ್ಲರೂ’ ಒಂದೇ ಪದ! ಅದನ್ನು ಓದುವಷ್ಟರಲ್ಲಿ ಹಿಂದಿ ಮಗು ಒಂದು ವಾಕ್ಯ ಮುಗಿಸಿರ್ತದೆ. 2022ರ ಮಾರ್ಚಿನಲ್ಲಿ ಎನ್‌ಸಿಇಆರ್‌ಟಿಯವರು ಮೂರನೇ ಕ್ಲಾಸಿನ ಮಕ್ಕಳನ್ನು ಒಬ್ಬೊಬ್ಬರನ್ನೇ ಕೂರಿಸಿ ಸರ್ವೇ ಮಾಡಿದಾಗ 20 ಭಾಷೆಗಳಿಗೆ ಬೇರೆ ಬೇರೆ ಮಾನದಂಡ ಇಟ್ಟದ್ದು ಇದಕ್ಕೇ. ಮೇಲೆ ಕೂತವರಿಗೆ ಇದು ಗೊತ್ತುಂಟು. ಕೆಳಗೆ ಬರುವಾಗ ‘ನಿಮಿಷಕ್ಕೆ 60’ ಅಂತ ಒಂದು ಲೈನ್ ಮಾತ್ರ ಉಳಿತದೆ, ಟೀಚರ್ ಮಗುವಿಗೆ ‘ಬೇಗ ಬೇಗ’ ಅಂತಾರೆ, ಮಗು ಪೂರ್ಣವಿರಾಮ ನುಂಗಿ ಓಡ್ತದೆ.

ಸರ್ವೇಹುಡುಗ:
ಆದ್ರೂ ವೇಗ ಪೂರ್ತಿ ಬೇಡ ಅನ್ನೋದನ್ನ ನಾನು ಒಪ್ಪಲ್ಲ. ‘ಬೆ..ಳ..ಗ್..ಗೆ’ ಅಂತ ಎಳೆಯೋ ಮಗುಗೆ ಸಾಲಿನ ಕೊನೆ ಬರೋಷ್ಟರಲ್ಲಿ ಮೊದಲನೇ ಪದ ಮರೆತೇ ಹೋಗಿರುತ್ತೆ, ಅರ್ಥ ಎಲ್ಲಿಂದ ಬರುತ್ತೆ.

ತೊಗರಿಕಣಜ:
ಹೌದ್ರಿ ಅದೂ ಖರೇನೇ. ಎರಡೂ ನೋಡ್ಬೇಕು ಅಂತನೇ ನಾ ಹೇಳೂದು. ಓದಿಸಿದ ಮ್ಯಾಲ ಎರಡ್ ಪ್ರಶ್ನಿ ಕೇಳ್ರಿ, ಉತ್ತರ ಲಂಬಾಣ್ಯಾಗ ಹೇಳಿದ್ರೂ ತಗೋರಿ.

ನಲಿಕಲಿಮಿಸ್:
ಬರವಣಿಗೆ ಬಗ್ಗೆ ಪೇಡೆನಗರಿ ಸರ್ ಕೇಳಿದ್ರಲ್ಲ, ನನಗೆ ಇಷ್ಟದ ವಿಷ್ಯ, ಉದ್ದ ಆಗುತ್ತೆ ಬೇಜಾರಾಗ್ಬೇಡಿ. ಮೂರನೇ ಕ್ಲಾಸಿನ ಒಬ್ಬ ಹುಡುಗ ಊರ ಜಾತ್ರೆ ಬಗ್ಗೆ ಬರೆದಿದ್ದು ಹಂಗೇ ಟೈಪ್ ಮಾಡ್ತೀನಿ:

“ನಮ ಉರಲಿ ಜತ್ರೆ ಅಗಿತು ನನು ಬಲುನ್ ತಕಡೆ”

ಕೆಂಪು ಪೆನ್ ಹಿಡಿದ್ರೆ ಏಳು ಪದಕ್ಕೆ ಏಳೂ ಕೆಂಪು ಆಗುತ್ತೆ, ಹತ್ತಕ್ಕೆ ಎರಡು. ಹೆಚ್ಚಿನವರು ಅಷ್ಟೇ ಮಾಡಿ ‘ಶುದ್ಧವಾಗಿ ಬರೆಯಿರಿ’ ಅಂತ ಕೆಳಗೆ ಬರ್ದು ಸೈನ್ ಮಾಡ್ತಾರೆ. ಶುದ್ಧವಾಗಿ ಬರಿ ಅಂದ್ರೆ ಮಗು ಏನು ಮಾಡ್ಬೇಕು ಹೇಳಿ? ಈಗ ನಿಧಾನಕ್ಕೆ ನೋಡಿ. ಊರು ಉರು ಆಗಿದೆ, ಜಾ ಜ ಆಗಿದೆ, ಆಗಿತ್ತು ಅಗಿತು, ನಾನು ನನು, ಲೂ ಲು. ಅಂದ್ರೆ ದೀರ್ಘ ಒಂದೂ ಬಂದಿಲ್ಲ, ಒಂದೇ ಒಂದೂ. ನಮ್ಮ, ಊರಲ್ಲಿ, ಆಗಿತ್ತು, ಮೂರರಲ್ಲೂ ಒತ್ತು ಹೋಗಿದೆ. ಆದ್ರೆ ಜಾತ್ರೆಯ ತ್ರೆ ಸರಿಯಾಗಿದೆ! ಅಂದ್ರೆ ಒತ್ತಕ್ಷರ ಅನ್ನೋದೇ ಗೊತ್ತಿಲ್ಲ ಅಂತಲ್ಲ, ಬೇರೆ ಅಕ್ಷರದ ಒತ್ತು ಕಿವಿಗೆ ಬೀಳುತ್ತೆ, ಅದೇ ಅಕ್ಷರ ಎರಡು ಸಲ ಬಂದ್ರೆ ಅವನಿಗೆ ಒಂದೇ ಥರ ಕೇಳುತ್ತೆ. ಇನ್ನು ತಕಡೆ, ಅದು ತಕಂಡೆ, ನಮ್ಮ ಕಡೆ ಮಾತಾಡೋದೇ ಹಂಗೆ, ಸೊನ್ನೆ ಒಂದು ಬಿಟ್ಟಿದಾನೆ.

ಈಗ ಇವನಿಗೆ ಬೇಕಿರೋದು ವರ್ಣಮಾಲೆ ಪೂರ್ತಿ ಹತ್ತು ಸಲ ಬರೆಯೋದಲ್ಲ. ಬಳೆ-ಬಾಳೆ, ಕಡು-ಕಾಡು, ಕತೆ-ಕತ್ತೆ, ಹಳಿ-ಹಳ್ಳಿ ಇಂಥ ಜೋಡಿ. ನಾನು ಹೇಳ್ತೀನಿ, ಅವನು ಯಾವ ಕಾರ್ಡು ಅಂತ ಎತ್ತಬೇಕು. ಮೊದಲು ಕಿವಿ, ಆಮೇಲೆ ಕೈ. ಉಕ್ತಲೇಖನ ಕೂಡ ಇಂಥ ಪದಗಳಲ್ಲೇ. ಇದೇ ಕ್ಲಾಸಲ್ಲಿ ‘ಹಣ್ಣು’ ಅನ್ನೋದನ್ನ ‘ಅಣ್ಣು’ ಅಂತ, ‘ಶಾಲೆ’ನ ‘ಸಾಲೆ’ ಅಂತ ಬರೆಯೋಳು ಒಬ್ಬಳಿದಾಳೆ, ಅವಳ ದೀರ್ಘ, ಒತ್ತು ಎಲ್ಲಾ ಪರ್ಫೆಕ್ಟು, ಮನೇಲಿ ಮಾತಾಡೋ ಥರ ಬರೀತಾಳೆ ಅಷ್ಟೆ. ಇಬ್ಬರಿಗೂ ಹತ್ತಕ್ಕೆ ಐದು ಕೊಟ್ರೆ ಸ್ಯಾಟ್ಸಲ್ಲಿ ಇಬ್ಬರೂ ಒಂದೇ. ಸೋಮವಾರ ಬೆಳಗ್ಗೆ ನಾನು ಮಾಡ್ಬೇಕಾದ ಕೆಲಸ ಮಾತ್ರ ಇಬ್ಬರಿಗೂ ಬೇರೆ ಬೇರೆ. ನನ್ನ ಪ್ರಕಾರ ಸೋಮವಾರ ಏನು ಮಾಡ್ಬೇಕು ಅಂತ ಹೇಳದ ಮೌಲ್ಯಮಾಪನ ಇದ್ರೂ ಒಂದೇ ಬಿಟ್ರೂ ಒಂದೇ.

ಹಳೇಚಾಕ್‌ಪೀಸ್:
ಈ ಮಾತು ಒಪ್ಪತಕ್ಕದ್ದು. ನಾವು ಕಾಪಿ ಬರೆಸ್ತಿದ್ವಿ, ಅಕ್ಷರ ದುಂಡಗೆ ಇದ್ರೆ ಸಾಕು ಅಂತಿದ್ವಿ. ಆದ್ರೆ ಮೂರನೇ ಕ್ಲಾಸಿಗೂ ದೀರ್ಘ ಬರೋದಿಲ್ಲ ಅಂದ್ರೆ ಒಂದನೇ ಕ್ಲಾಸಲ್ಲಿ ಏನು ಕಲಿಸಿದ್ರಿ ತಾಯಿ?

ನಲಿಕಲಿಮಿಸ್:
ಸರ್, ಕಲಿಸೋ ಕ್ರಮವೇ ಬೇರೆ ಈಗ. ಅ ಆ ಇ ಈ ಇಂದ ಶುರು ಮಾಡಲ್ಲ, ‘ರ ಗ ಸ ದ ಅ’ ಮೊದಲು, ಆಮೇಲೆ ‘ಜ ವ ಮ ಬ ನ’, ಅಷ್ಟರಲ್ಲೇ ಅರಸ, ಸರ, ಗರಗಸ ಅಂತ ಪದ ಓದಕ್ಕೆ ಬರುತ್ತೆ. 1995ರಲ್ಲಿ ಎಚ್.ಡಿ.ಕೋಟೆಲಿ ಶುರುವಾದಾಗಿಂದ ಹಿಂಗೇ. ಗುಣಿತಾಕ್ಷರ, ಒತ್ತಕ್ಷರ ಆಮೇಲೆ ಕಲಿಕಾ ಏಣಿ (ಮೆಟ್ಟಿಲು ಮೆಟ್ಟಿಲಾಗಿ ಕಲಿಯೋ ಕ್ರಮ) ಮೇಲೆ ಬರುತ್ತೆ. ಮತ್ತೆ ಕನ್ನಡದಲ್ಲಿ ಅಕ್ಷರ ಅಂದ್ರೆ ವರ್ಣಮಾಲೆಯ 49 ಅಷ್ಟೇ ಅಲ್ವಲ್ಲ, ಒಂದೊಂದು ವ್ಯಂಜನಕ್ಕೂ ಕಾಗುಣಿತ, ಅದ್ರ ಮೇಲೆ ಒತ್ತು, ಕಣ್ಣಿಗೆ ಬೀಳೋ ಆಕಾರ ನೂರಾರು. ಸೋನಾಲಿ ನಾಗ್ ಅವರು 2007ರಲ್ಲಿ ಕನ್ನಡ ಮಕ್ಕಳ ಓದಿನ ಬಗ್ಗೆ ಮಾಡಿದ ಅಧ್ಯಯನದಲ್ಲೂ ಇದೇ ಬಂದಿದೆ, ಇಂಗ್ಲಿಷ್ ಥರ ಒಂದೆರಡು ವರ್ಷಕ್ಕೆ ಅಕ್ಷರ ಕಲಿಕೆ ಮುಗಿಯಲ್ಲ, ಮುಂದಿನ ಕ್ಲಾಸಿಗೂ ಎಳೆಯುತ್ತೆ. ಹಂಗಾಗಿ ಮೂರನೇ ಕ್ಲಾಸಲ್ಲಿ ಒತ್ತು ತಪ್ಪೋದು ರೋಗ ಅಲ್ಲ. ಯಾವ ಒತ್ತು, ಎಷ್ಟು ದಿನದಿಂದ ಅಂತ ಗೊತ್ತಿಲ್ಲದೆ ಇರೋದು ರೋಗ.

ಸಂಜೆಮಲ್ಲಿಗೆ:
ಅಪ್ಡೇಟ್ ಕೊಡ್ತೀನಿ. ಮಿಸ್ ಹೇಳ್ದಂಗೆ ಕೊನೇ ವಾಕ್ಯದಿಂದ ಓದಿಸ್ದೆ, ಎರಡಕ್ಷರದ ಪದ ಸಲೀಸು, ‘ಮರ’ ‘ಆನೆ’ ‘ಹೂವು’ ಎಲ್ಲಾ ಓಕೆ. ಒತ್ತು ಬಂದ ತಕ್ಷಣ ಮೊದಲಕ್ಷರ ನೋಡಿ ಊಹೆ ಮಾಡ್ತಾನೆ. ‘ಬೆಳಗ್ಗೆ’ ಅಂತಿದ್ರೆ ‘ಬೆಳಕು’ ಅಂತಾನೆ, ‘ಕಲ್ಲು’ ಅಂತಿದ್ರೆ ‘ಕಾಲು’ ಅಂತಾನೆ. ಅಂದ್ರೆ ಅಸರ್ ಲೆಕ್ಕದಲ್ಲಿ ಪದದ ಮಟ್ಟ ಇರ್ಬೇಕು. ಇನ್ನೊಂದು, ಅಕ್ಕ ಪೋಷಕರ ಸಭೆಗೆ ಹೋಗಿದ್ಳು, ಅವರ ಮಿಸ್ ಹತ್ರ ಹಿಂಗಿಂಗೆ ಅಂತ ಹೇಳಿದಾಳೆ, ಅವರೇನು ಸಿಟ್ಟಾಗ್ಲಿಲ್ಲ, ‘ನನಗೂ ಡೌಟಿತ್ತು’ ಅಂದ್ರಂತೆ.

ಅನಾಮಿಕ (ಸಿಆರ್‌ಪಿ):
ನೋಡಿದ್ರಾ, ‘ನನಗೂ ಡೌಟಿತ್ತು’. ಅದೇ ನಾನು ಹೇಳಿದ್ದು. ಮೇಷ್ಟ್ರ ತಲೇಲಿರೋದು ಒಂದು, ಕಾರ್ಡಲ್ಲಿರೋದು ಒಂದು. ತಲೇಲಿರೋದನ್ನ ಬರೆಯಕ್ಕೆ ಕಾರ್ಡಲ್ಲಿ ಕಾಲಂ ಇಲ್ಲ.

ಕಡಲಬದಿ:
ಕಾಲಂ ಇದ್ರೆ ಅದಕ್ಕೂ ಒಂದು ನಮೂನೆ ಮಾಡಿ ಅಪ್ಲೋಡ್ ಮಾಡಿ ಅಂತಾರೆ. ಇಲ್ಲದ್ದೇ ಒಳ್ಳೇದಾಯ್ತು.

ಪೇಡೆನಗರಿ:
ಖರೇ ಮಾತು. ಮಿಸ್, ನೀವ್ ಆ ಜಾತ್ರಿ ಹುಡುಗನ್ನ ಹಿಂಗ ಬಿಡಿಸಿ ನೋಡೂದು ಛಲೋ ಐತಿ, ಆದ್ರ ಎಲ್ಲಾರಿಗೂ ಹೆಂಗ ಮಾಡ್ತೀರಿ? ದಿನಾ ಎಷ್ಟ್ ಮಂದೀನ್ನ ನೋಡ್ತೀರಿ?

ನಲಿಕಲಿಮಿಸ್:
ದಿನಕ್ಕೆ ಮೂರೇ ಮಕ್ಕಳು ಸರ್. ಹಾಲು ಕೊಡೋ ಹೊತ್ತಲ್ಲಿ ಒಬ್ಬರು, ಉಳಿದಿಬ್ಬರು ತಟ್ಟೆ (ನಲಿ-ಕಲಿಲಿ ಮಕ್ಕಳ ಗುಂಪಿಗೆ ಹಂಗಂತೀವಿ) ಬದಲಾಗೋ ಟೈಮಲ್ಲಿ. ಮಿಕ್ಕಿದ ಮಕ್ಕಳು ತಮ್ಮ ತಮ್ಮ ತಟ್ಟೇಲಿ ಕಾರ್ಡ್ ಹಿಡ್ಕೊಂಡು ಕೂತಿರ್ತಾರೆ, ನಲಿ-ಕಲಿಲಿ ಇದೊಂದು ಅನುಕೂಲ, ನಾಲ್ಕು-ಐದರಲ್ಲಿ ನಿಮಗೆ ಆ ವ್ಯವಸ್ಥೆ ಇಲ್ಲ ಅಂತ ಗೊತ್ತು. ನೀವು ಮಿಕ್ಕವರಿಗೆ ಲೈಬ್ರರಿ ಪುಸ್ತಕ ಹಂಚಿ ಜೋಡಿ ಜೋಡಿ ಕೂರಿಸಿ. ಗಲಾಟೆ ಇರುತ್ತೆ, ಇರ್ಲಿ. ಓದಿಸೋ ಸಾಲು ಪಠ್ಯದಿಂದ ಬೇಡ, ನಾನು ಹಳೇ ಮಕ್ಕಳ ಕತೆ ಪುಸ್ತಕದಿಂದ ಕಾರ್ಡ್ ಮಾಡಿಟ್ಕೊಂಡಿದೀನಿ, ಒಂದೇ ಕಾರ್ಡ್ ಎಲ್ಲಾರಿಗೂ ಕೊಟ್ರೆ ಮೂರನೇ ದಿನಕ್ಕೆ ಅದೂ ಬಾಯಿಪಾಠ, ಅದಕ್ಕೆ ಬದಲಾಯಿಸ್ತಾ ಇರ್ಬೇಕು. ಇನ್ನು ಗೋಡೆ ಮೇಲಿನ ಪ್ರಗತಿ ನೋಟದಲ್ಲಿ ಯಾರು ಯಾವ ಮೆಟ್ಟಿಲು ಅಂತ ಮಕ್ಕಳೇ ನೋಡ್ಕೋತಾರೆ, ಅದು ಅವರಿಗೆ. ನನಗೆ ಅಂತ 100 ಪೇಜಿನ ಒಂದು ನೋಟ್‌ಬುಕ್ ಇದೆ, ಮಗುಗೆ ಎರಡು ಪುಟ.

ಪೇಡೆನಗರಿ:
ಆ ನೋಟ್‌ಬುಕ್‌ನಾಗ ಏನೇನ್ ಬರೀತೀರಿ? ನಮೂನೆ ಕಳಸ್ರಿ.

ನಲಿಕಲಿಮಿಸ್:
ನಮೂನೆ ಅಂತೇನಿಲ್ಲ ಸರ್. ತಾರೀಖು, ಏನು ಓದ್ಸಿದೆ, ಎಲ್ಲಿ ನಿಂತ, ತಾನೇ ತಿದ್ಕೊಂಡ್ನಾ ಇಲ್ವಾ, ಕೇಳಿದ್ದಕ್ಕೆ ಏನಂದ. ‘12/8, ಕೋಳಿ ಕತೆ, ಕ್ಷ ಗೆ ನಿಂತ, ಳ-ಲ ತಿದ್ಕೊಂಡ, ಕೋಳಿ ಯಾಕೆ ಓಡ್ತು ಅಂದ್ರೆ ಹೆದ್ರಿ ಅಂದ’ ಇಷ್ಟೇ. ತಿದ್ಕೊಂಡ್ನಾ ಅನ್ನೋದು ಮುಖ್ಯ, ತಪ್ಪಾಗಿ ಓದಿ ‘ಅಲ್ಲ ಅಲ್ಲ’ ಅಂತ ವಾಪಸ್ ಬರೋ ಮಗು ಅರ್ಥ ಮಾಡ್ಕೊಂಡು ಓದ್ತಿದೆ ಅಂತ. ತಪ್ಪೇ ಮಾಡದೆ ಓದೋ ಮಗುಗಿಂತ ಅದನ್ನ ನೋಡಿದ್ರೆ ನನಗೆ ಧೈರ್ಯ.

ತೊಗರಿಕಣಜ:
ಇದಕ್ಕ ನಾ ಒಂದ್ ಕೂಡಸ್ತೀನ್ರಿ. ಯಾವ ಭಾಷಾದಾಗ ಉತ್ತರ ಹೇಳ್ತು ಅಂತ ಬರೀರಿ. ಮೊದ್ಲ ಪೂರಾ ಲಂಬಾಣಿ, ಆಮ್ಯಾಲ ಅರ್ಧಾ ಅರ್ಧಾ, ಆಮ್ಯಾಲ ಕನ್ನಡ. ಪುಟ ತಿರುವಿ ನೋಡಿದ್ರ ಮಗು ಎಷ್ಟ್ ಮುಂದ ಬಂದದ ಅಂತ ಗೊತ್ತಾಗ್ತದ, ಯಾವ ಗ್ರೇಡ್‌ನ್ಯಾಗೂ ಅದು ಕಾಣಂಗಿಲ್ಲ.

ಸಂಜೆಮಲ್ಲಿಗೆ:
ಈ ಬಳೆ-ಬಾಳೆ ಜೋಡಿಗಳ ಪೂರ್ತಿ ಪಟ್ಟಿ ಯಾರಾದ್ರೂ ಹಾಕ್ತೀರಾ? ಒತ್ತಿನದ್ದು ಮುಖ್ಯವಾಗಿ. ಕತೆ-ಕತ್ತೆ ಅವನಿಗೆ ಸಖತ್ ಇಷ್ಟ ಆಗಿದೆ, ಮನೇಲಿ ಎಲ್ಲಾರಿಗೂ ‘ಕತ್ತೆ ಹೇಳು’ ಅಂತ ಓಡಾಡ್ತಿದಾನೆ.

ನಲಿಕಲಿಮಿಸ್:
😄 ತಗೊಳಿ, ಈಗ ನೆನಪಿಗೆ ಬಂದಿದ್ದು: ಹಳಿ-ಹಳ್ಳಿ, ಕತೆ-ಕತ್ತೆ, ಕಲೆ-ಕಲ್ಲೆ ಬೇಡ, ಮರ-ಮಾರ, ಎಲೆ-ಎಲ್ಲೆ, ಅಕ-ಅಕ್ಕ (ಮೊದಲನೇದಕ್ಕೆ ಅರ್ಥ ಇಲ್ಲ, ಬಿಟ್ಬಿಡಿ), ಮಣು-ಮಣ್ಣೂ ಬೇಡ, ಮಣು ಅಂತ ಯಾವುದೂ ಇಲ್ಲ, ಬದಲಿಗೆ ಹುಲಿ-ಹುಳಿ ಹಾಕಿ. ಎರಡಕ್ಕೂ ಅರ್ಥ ಇರೋ ಪದವೇ ಇರ್ಬೇಕು, ಇಲ್ಲಾಂದ್ರೆ ಮಗು ಊಹೆ ಮಾಡಿ ಗೆದ್ಬಿಡುತ್ತೆ. ಉಳಿದಿದ್ದು ನಾಳೆ ಶಾಲೇಲಿ ಡಬ್ಬ ನೋಡಿ ಹಾಕ್ತೀನಿ.

ಪೇಡೆನಗರಿ:
ನಾನೂ ಸೋಮವಾರದಿಂದ ಮೂರ್ ಮೂರ್ ಮಂದಿ ಚಾಲೂ ಮಾಡ್ತೀನಿ. ಎಲ್‌ಬಿಎ ಎಂಟ್ರಿ ಮಾತ್ರ ಸಿಆರ್‌ಪಿ ಸಾಹೇಬ್ರು ಬಂದು ನಮ್ಮ ಮಾಳಗಿ ಹತ್ತಿ ಮಾಡ್ಕೊಡ್ಲಿ.

ಅನಾಮಿಕ (ಸಿಆರ್‌ಪಿ):
ನಿಮ್ಮ ಕ್ಲಸ್ಟರ್ ನಂದಲ್ಲ, ಬದುಕ್ದೆ.